ಬ್ರಿಟನ್ನಿನ ವಿಶ್ವವಿದ್ಯಾಲಯಗಳಲ್ಲಿ ಅಮೆರಿಕ ಇತಿಹಾಸದ ಬೋಧಕ ಹುದ್ದೆಗಳು

ಅಮೆರಿಕದ ಇತಿಹಾಸದಲ್ಲಿ ಪಿಎಚ್.ಡಿ. ಪದವಿ ಪಡೆದವರು ಬ್ರಿಟನ್ನಿನಲ್ಲಿ ಹುದ್ದೆಗೆ ಅರ್ಜಿ ಸಲ್ಲಿಸುವ ಮುನ್ನ ಪ್ರಕಟಣೆಯಲ್ಲಿ ಹುದ್ದೆಯ ಅವಧಿಯನ್ನು ಮೊದಲು ನೋಡತಕ್ಕದ್ದು. ವೇತನವನ್ನು ಆನಂತರ ನೋಡಬಹುದು.

ಪ್ರಸಿದ್ಧ ಪೀಠಗಳೆಲ್ಲವೂ ಕಾಯಂ ಹುದ್ದೆಗಳಲ್ಲ. ಆಕ್ಸ್‌ಫರ್ಡ್‌ನ ಹಾರ್ಮ್ಸ್‌ವರ್ತ್ ಪೀಠವನ್ನು 1922ರಲ್ಲಿ ಮೊದಲು ಅಲಂಕರಿಸಿದವರು ಸ್ಯಾಮ್ಯುಯೆಲ್ ಎಲಿಯಟ್ ಮಾರಿಸನ್. ಇಂದು ಸದರಿ ಪೀಠಕ್ಕೂ ಕೇಂಬ್ರಿಜ್‌ನ ಪಿಟ್ ಪೀಠಕ್ಕೂ ಹಿರಿಯ ವಿದ್ವಾಂಸರು ಒಂದು ವರ್ಷದ ಮಟ್ಟಿಗೆ ಅತಿಥಿಗಳಾಗಿ ಬರುತ್ತಾರೆ. ಕೇಂಬ್ರಿಜ್‌ನ ಪಾಲ್ ಮೆಲನ್ ಪೀಠ ಕಾಯಂ ಆದರೂ, ಅದು ತೆರವಾಗುವುದು ಅಪರೂಪ.

ಹೊಸಬರಿಗೆ ಸಾಮಾನ್ಯವಾಗಿ ದೊರೆಯುವುದು ಒಂದು ವರ್ಷದ ಅಥವಾ ಅದಕ್ಕೂ ಕಡಿಮೆ ಅವಧಿಯ ಬೋಧನಾ ಹುದ್ದೆ, ಇಲ್ಲವೇ ಮೂರು ವರ್ಷಗಳ ಸಂಶೋಧನಾ ಫೆಲೋಶಿಪ್. ಇತರೆಡೆ ಲೆಕ್ಚರರ್ ಎಂಬುದು ಹೆಚ್ಚಾಗಿ ಕಾಯಂ ಹುದ್ದೆಯ ಮೊದಲ ಮೆಟ್ಟಿಲು. ಆದರೆ ಆಕ್ಸ್‌ಫರ್ಡ್‌ನ ಕಾಲೇಜುಗಳಲ್ಲಿ ಅದೇ ಹೆಸರಿನ ಹುದ್ದೆ ಅಲ್ಪಾವಧಿಯದಾಗಿರಬಹುದು. ಅಲ್ಲಿ ಕಾಯಂ ನೇಮಕಾತಿ ಸಾಮಾನ್ಯವಾಗಿ ಅಸೋಸಿಯೇಟ್ ಪ್ರೊಫೆಸರ್ ಹೆಸರಿನಲ್ಲಿ ನಡೆಯುತ್ತದೆ. ಪದನಾಮವನ್ನು ನಂಬಿ ಊರು ಬಿಟ್ಟು ಹೊರಡುವುದು ಉಚಿತವಲ್ಲ.

ಕಾಯಂ ಎಂಬ ಪದಕ್ಕೂ ಮಿತಿಯುಂಟು. 1988ರ ಶಿಕ್ಷಣ ಸುಧಾರಣಾ ಕಾಯ್ದೆಯ ತರುವಾಯ ಹೊಸದಾಗಿ ನೇಮಕಗೊಂಡವರಿಗೆ ಅಮೆರಿಕದ ಮಾದರಿಯ ಸೇವಾ ಭದ್ರತೆಯಿಲ್ಲ. ಪರೀಕ್ಷಾರ್ಥ ಅವಧಿ ಮುಗಿಸಿದವರ ಹುದ್ದೆಯೂ ಹಣಕಾಸಿನ ಕೊರತೆಯಿಂದ ರದ್ದಾಗಬಹುದು. 2020ರ ದಶಕದಲ್ಲಿ ಅಲ್ಲಿನ ಹಲವು ವಿಶ್ವವಿದ್ಯಾಲಯಗಳು ಸಿಬ್ಬಂದಿ ಕಡಿತವನ್ನು ಪ್ರಕಟಿಸಿವೆ.

ನುರಿತ ಕೆಲಸಗಾರರ ವೀಸಾಕ್ಕೆ ಅರ್ಜಿ ಸಲ್ಲಿಸುವ ಭಾರತೀಯರು ನೇಮಕ ಮಾಡಿಕೊಳ್ಳುವ ವಿಶ್ವವಿದ್ಯಾಲಯದಿಂದ ಪ್ರಾಯೋಜಕತ್ವದ ಪ್ರಮಾಣಪತ್ರ ಪಡೆಯಬೇಕಾಗುತ್ತದೆ. ಕೆಲವು ತಿಂಗಳುಗಳ ಹುದ್ದೆಗೂ ಅದನ್ನು ನೀಡಲಾಗುವುದೇ ಎಂಬುದನ್ನು ಅರ್ಜಿಗೆ ಮೊದಲೇ ವಿಚಾರಿಸಿಕೊಳ್ಳುವುದು ಸೂಕ್ತ.