ಮಾರ್ಕನ ಸುವಾರ್ತೆಯಲ್ಲಿ ಆತ್ಮನಿರಾಕರಣದ ಅರ್ಥ

ಕ್ರೈಸ್ತ ಶಿಷ್ಯತ್ವದ ಲಕ್ಷಣವನ್ನು ನಿರೂಪಿಸಹೊರಟವರೆಲ್ಲರೂ ಮಾರ್ಕನ ಸುವಾರ್ತೆಯ 8ನೆಯ ಅಧ್ಯಾಯದ 34ನೆಯ ವಚನಕ್ಕೆ ಬಂದೇ ಬರುವರು. ಆದರೆ ತನ್ನನ್ನು ತಾನು ನಿರಾಕರಿಸಬೇಕೆಂಬ ಅಲ್ಲಿಯ ವಿಧಿಯನ್ನು ಉಪವಾಸ, ವ್ರತ, ಭೋಗತ್ಯಾಗಗಳ ಅರ್ಥದಲ್ಲಿ ಗ್ರಹಿಸುವುದು ರೂಢಿಯಾಗಿ, ಆ ಮಾತಿನ ಮೊನೆ ಬಹುಮಟ್ಟಿಗೆ ಮೊಂಡಾಗಿದೆಯೆಂದು ನನಗೆ ತೋರುತ್ತದೆ.

ಗ್ರೀಕ್ ಮೂಲದಲ್ಲಿರುವ ಕ್ರಿಯಾಪದ ‘ಅಪರ್ನೆಓಮಾಯ್’. ಮಾರ್ಕನು ಇದನ್ನು ಬಳಸಿರುವುದು ನಾಲ್ಕೇ ಸಲ. ಉಳಿದ ಮೂರು ಪ್ರಯೋಗಗಳೂ 14ನೆಯ ಅಧ್ಯಾಯದಲ್ಲಿ, ತನ್ನ ಗುರು ಯೇಸುವನ್ನು ಅರಿಯೆನೆಂದ ಪೇತ್ರನ ಪತನದ ಪ್ರಸಂಗದಲ್ಲಿ ಬರುತ್ತವೆ. ನಾವು ಮೊದಲನೆಯದನ್ನು ‘ನಿರಾಕರಿಸು’ ಎಂದೂ ಎರಡನೆಯ ಕಡೆಯದನ್ನು ‘ಅರಿಯೆನೆನ್ನು’ ಎಂದೂ ಬೇರೆಬೇರೆಯಾಗಿ ಹೇಳುವುದರಿಂದ ಇವುಗಳ ನಂಟು ಕಣ್ಮರೆಯಾಗುತ್ತದೆ. ಮಹಾಯಾಜಕನ ಅಂಗಳದಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತಿದ್ದವನ ಮುಖವನ್ನು ದಾಸಿಯೊಬ್ಬಳು ದಿಟ್ಟಿಸುತ್ತಾಳೆ. ಅವನು ಬಾಗಿಲ ಕಡೆಗೆ ಸರಿಯುತ್ತಾನೆ. ಸುತ್ತ ನಿಂತವರು ಗಲಿಲಾಯದವನೆಂದು ಹಿಡಿದು ಕೇಳಿದಾಗ, ಶಪಿಸಿಕೊಂಡು ಆಣೆಯಿಟ್ಟು, ಆ ಮನುಷ್ಯನ ಗುರುತೇ ತನಗಿಲ್ಲವೆನ್ನುತ್ತಾನೆ. ಗುರುವಿನ ವಿಷಯದಲ್ಲಿ ಪೇತ್ರನು ಆಡಿದ ಈ ಮಾತನ್ನೇ ಶಿಷ್ಯನು ತನ್ನ ವಿಷಯದಲ್ಲಿ ಆಡಬೇಕೆಂಬುದು 8ನೆಯ ಅಧ್ಯಾಯದ ತಾತ್ಪರ್ಯ. ಜರ್ಮನಿಯ ದೇವಶಾಸ್ತ್ರಜ್ಞ ಡೀಟ್ರಿಶ್ ಬಾನ್‌ಹಾಫರ್ ಅವರು ಶಿಷ್ಯತ್ವವನ್ನು ಕುರಿತು 1937ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಎರಡು ನಿರಾಕರಣೆಗಳನ್ನು ಎದುರುಬದುರಾಗಿ ಇರಿಸಿದರು. 1939ರಲ್ಲಿ ಅಮೆರಿಕದ ಆಶ್ರಯವನ್ನು ಕೆಲವೇ ವಾರಗಳಲ್ಲಿ ತೊರೆದು ಸ್ವದೇಶಕ್ಕೆ ಮರಳಿದ ಅವರನ್ನು 1945ರ ಏಪ್ರಿಲ್ 9ರಂದು ಫ್ಲಾಸೆನ್‌ಬ್ಯುರ್ಗ್ ಶಿಬಿರದಲ್ಲಿ ಗಲ್ಲಿಗೇರಿಸಲಾಯಿತು.

ಅದೇ ವಚನದಲ್ಲಿರುವ ಶಿಲುಬೆ ಹೊರುವುದೆಂಬ ಮಾತೂ ಇಂದು ಸಂಸಾರದ ಕಷ್ಟಕ್ಕೆ, ದೀರ್ಘವ್ಯಾಧಿಗೆ ಸಲ್ಲುವಷ್ಟು ಸಾಧುವಾಗಿದೆ. ರೋಮನರ ಆಳ್ವಿಕೆಯಲ್ಲಿ ಮರಣದಂಡನೆಗೊಳಗಾದವನು ಶಿಲುಬೆಯ ಅಡ್ಡತೊಲೆಯನ್ನು ತಾನೇ ಹೆಗಲಿಗೇರಿಸಿಕೊಂಡು ಊರ ಜನರ ಕಣ್ಣೆದುರಿನಲ್ಲಿ ವಧಾಸ್ಥಾನಕ್ಕೆ ನಡೆಯುತ್ತಿದ್ದನೆಂಬುದನ್ನು ಮಾರ್ಕನ ಮೊದಲ ಓದುಗರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಹಾಗಾದರೆ ತನ್ನನ್ನು ನಿರಾಕರಿಸುವ ಈ ಸಮರ್ಪಣವೆಂದರೆ ಇಚ್ಛಾನಾಶವೇ? ಗೆತ್ಸೇಮನೆಯ ಪ್ರಾರ್ಥನೆಯನ್ನು ಅವಧಾನದಿಂದ ಓದಿದವರು ಹಾಗೆನ್ನಲಾರರು. ಯೇಸು ಅಲ್ಲಿ ನೆಲಕ್ಕೆ ಬಿದ್ದು, ಯಾತನೆಯ ಆ ಪಾತ್ರೆ ತನ್ನಿಂದ ದೂರವಾಗಲೆಂದು ಮೊದಲು ಬೇಡಿಕೊಳ್ಳುತ್ತಾನೆ. ತಂದೆಯ ಚಿತ್ತಕ್ಕೆ ತನ್ನನ್ನು ಒಪ್ಪಿಸುವುದು ಅನಂತರದ ಮಾತು. ತನ್ನ ಬಯಕೆಯನ್ನು ಮುಚ್ಚಿಡದೆ ನುಡಿದವನೇ ಅದನ್ನು ಒಪ್ಪಿಸಬಲ್ಲನು. ಈ ಕಾರಣದಿಂದಲೇ, ಬಲಿಷ್ಠರು ದುರ್ಬಲರ ಬಾಯಿ ಮುಚ್ಚಿಸಲು ಆತ್ಮನಿರಾಕರಣವನ್ನು ಬೋಧಿಸಿದಾಗಲೆಲ್ಲ ಸುವಾರ್ತೆಗೆ ಅಪಚಾರವಾಗಿದೆಯೆಂದು ನಾನು ದೃಢವಾಗಿ ನಂಬುತ್ತೇನೆ. ಕರೆಯು ‘ಇಷ್ಟವುಳ್ಳವನಿಗೆ’ ಮಾತ್ರವೆಂಬುದು ಆ ವಚನದಲ್ಲಿಯೇ ಇದೆ, ಇಷ್ಟವನ್ನು ಕಸಿದುಕೊಂಡ ಮೇಲೆ ಒಪ್ಪಿಸಲು ಉಳಿಯುವುದಾದರೂ ಏನು?

ಇನ್ನೊಂದು ಪದವನ್ನು ಗಮನಿಸಬೇಕು. ಶಿಲುಬೆಯ ದಾರಿ ಬೇಡವೆಂದು ಯೇಸುವನ್ನು ತಡೆದ ಪೇತ್ರನಿಗೆ 33ನೆಯ ವಚನದಲ್ಲಿ ದೊರೆತ ಗದರಿಕೆಯಲ್ಲಿಯೂ 34ನೆಯ ವಚನದ ಕರೆಯಲ್ಲಿಯೂ ಬರುವುದು ‘ಒಪಿಸೋ ಮೂ’, ಅಂದರೆ ‘ನನ್ನ ಹಿಂದೆ’ ಎಂಬ ಒಂದೇ ನುಡಿ. ಮುಂದೆ ಬಂದು ದಾರಿಗೆ ಅಡ್ಡ ನಿಂತವನನ್ನು ಶಿಷ್ಯನ ಸ್ಥಾನಕ್ಕೆ ಮರಳಿ ಅಟ್ಟುವ ಗದರಿಕೆಯಾದುದರಿಂದ ಅದರಲ್ಲಿ ಕರೆಯೂ ಅಡಗಿದೆ. ಕೋಳಿ ಎರಡನೆಯ ಸಲ ಕೂಗಿದಾಗ ಅತ್ತ ಪೇತ್ರನು ಆ ಸ್ಥಾನವನ್ನು ಎಂದೆಂದಿಗೂ ಕಳೆದುಕೊಂಡೆನೆಂದು ಎಣಿಸಿದ್ದಿರಬೇಕು. ಆದರೆ 16ನೆಯ ಅಧ್ಯಾಯದಲ್ಲಿ, ಬರಿದಾದ ಸಮಾಧಿಯ ಬಳಿ ಸ್ತ್ರೀಯರಿಗೆ ದೊರೆತ ಸಂದೇಶವು ಶಿಷ್ಯರೊಡನೆ ಪೇತ್ರನೊಬ್ಬನನ್ನೇ ಹೆಸರೆತ್ತಿ ಕರೆಯುತ್ತದೆ: ಯೇಸು ಅವರಿಗಿಂತ ಮುಂದಾಗಿ ಗಲಿಲಾಯಕ್ಕೆ ಹೋಗುತ್ತಿದ್ದಾನೆ.