ದಶಾಜ್ಞೆ ಸರಣಿ: ಸಬ್ಬತ್ ಯಾರಿಗೆ?

ಸಬ್ಬತ್ ಅಂದ್ರೆ ದೇವಾಲಯಕ್ಕೆ ಹೋಗೋ ದಿನ, ಅಷ್ಟೇ ಅಂದ್ಕೊಂಡಿದ್ದೀರಾ? ಹಾಗಾದ್ರೆ ಆಜ್ಞೆಯನ್ನು ಇನ್ನೊಮ್ಮೆ ಓದಿ.

ಬೈಬಲಿನಲ್ಲಿ ಇದು ಎರಡು ಕಡೆ ಬರುತ್ತೆ. ವಿಮೋಚನಕಾಂಡ 20ರಲ್ಲಿ ಕಾರಣ ಸೃಷ್ಟಿ: ದೇವರು ಏಳನೇ ದಿನ ವಿಶ್ರಮಿಸಿದನು. ಧರ್ಮೋಪದೇಶಕಾಂಡ 5ರಲ್ಲಿ ಕಾರಣವೇ ಬೇರೆ: ನೀವೂ ಐಗುಪ್ತದಲ್ಲಿ ದಾಸರಾಗಿದ್ದವರು, ಮರೆಯಬೇಡಿ. ಅದಕ್ಕೇ ಅಲ್ಲಿ ದಾಸದಾಸಿಯರ ವಿಶ್ರಾಂತಿಯನ್ನು ಒತ್ತಿ ಹೇಳಿದೆ. ಎತ್ತು, ಕತ್ತೆಗಳನ್ನೂ ಬಿಟ್ಟಿಲ್ಲ.

ಯೇಸು ಪುನರುತ್ಥಾನವಾದ ದಿನ ಅಂತ ಕ್ರೈಸ್ತರು ಮೊದಲಿನಿಂದಲೂ ಭಾನುವಾರ ಸೇರುತ್ತಿದ್ದರು. ಆದರೆ ಆಗ ಅದು ರಜೆಯ ದಿನ ಆಗಿರಲಿಲ್ಲ. ಕ್ರಿ.ಶ. 321ರಲ್ಲಿ ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್, ಭಾನುವಾರ ನ್ಯಾಯಾಧೀಶರೂ ಪಟ್ಟಣದ ಜನರೂ ವಿಶ್ರಮಿಸಲಿ, ಕಸುಬಿನ ಅಂಗಡಿಗಳು ಮುಚ್ಚಲಿ ಎಂದು ಕಾನೂನು ಮಾಡಿದ. ಬಿತ್ತನೆಯ ಹದ ತಪ್ಪಬಾರದೆಂದು ಹೊಲದ ಕೆಲಸಕ್ಕೆ ಮಾತ್ರ ವಿನಾಯಿತಿ. ಅಂದ್ರೆ, ಮೋಶೆ ರಜೆ ಕೊಟ್ಟಿದ್ದ ಎತ್ತಿಗೆ ಚಕ್ರವರ್ತಿ ಕೊಡಲಿಲ್ಲ!

ಇವತ್ತು? ಆರಾಧನೆ ಮುಗಿಸಿ ಬಂದು ಬಿರಿಯಾನಿ ಆರ್ಡರ್ ಮಾಡ್ತೀವಿ. ಅದನ್ನ ತರೋ ಹುಡುಗನಿಗೆ, ಆಮೇಲೆ ಪಾತ್ರೆ ತೊಳೆಯೋ ಅಕ್ಕನಿಗೆ ಸಬ್ಬತ್ ಯಾವಾಗ?

ಮನೆಕೆಲಸದವರಿಗೆ ಸಂಬಳ ಹಿಡಿಯದೆ ವಾರಕ್ಕೊಂದು ರಜೆ ಕೊಡಿ. ಆಜ್ಞೆ ಪಾಲಿಸೋದು ಅಲ್ಲಿಂದಲೇ ಶುರುವಾಗಲಿ.