ಕೂದಲೆಳೆಯಷ್ಟು ಬಿಡುವು

ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾದರೆ ಏನಾಗುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಲೆ ಉರಿಯುತ್ತಲೇ ಇರುತ್ತದೆ, ಮುಚ್ಚಳದ ಅಂಚಿನಿಂದ ಆವಿ ಸುಸ್ಸೆಂದು ಹೊರಬರುತ್ತಿರುತ್ತದೆ, ವಿಷಲ್ ಮಾತ್ರ ಕೂಗುವುದಿಲ್ಲ. ಪಾತ್ರೆ ಗಟ್ಟಿಮುಟ್ಟಾಗಿಯೇ ಇದೆ; ಸವೆದದ್ದು ಒಂದು ರಬ್ಬರಿನ ಬಳೆ, ಅಷ್ಟೆ. ಮೋಟಾರು ಕಾರಿನ ಎಂಜಿನ್ನಿನೊಳಗೂ ಇಂಥದೇ ಬಳೆಗಳಿವೆ. ಅವು ಎರಕದ ಕಬ್ಬಿಣದವು. ಅವಕ್ಕೆ ಪಿಸ್ಟನ್ ರಿಂಗ್ ಎಂದು ಹೆಸರು. ಅವು ಸವೆದರೆ ಕಾರು ನೀಲಿ ಹೊಗೆ ಬಿಡುತ್ತದೆ, ಏರು ಬಂದರೆ ಏದುಸಿರು ಬಿಡುತ್ತದೆ, ಎಣ್ಣೆ ಕುಡಿಯುತ್ತದೆ.

ಕುಕ್ಕರನ್ನೂ ಎಂಜಿನ್ನನ್ನೂ ಹೋಲಿಸಿದ್ದಕ್ಕೆ ನಗಬೇಡಿ. ಎರಡಕ್ಕೂ ಮೂಲಪುರುಷ ಒಬ್ಬನೇ. ಡೆನಿಸ್ ಪಪಿನ್ ಎಂಬ ಫ್ರೆಂಚ್ ವಿಜ್ಞಾನಿ 1679ರಲ್ಲಿ ಮೂಳೆಯನ್ನೂ ಮೆತ್ತಗೆ ಬೇಯಿಸುವ ಬಿಗಿ ಮುಚ್ಚಳದ ಪಾತ್ರೆಯನ್ನು ಮಾಡಿದ. ಅದು ಸಿಡಿಯದಿರಲೆಂದು ತೂಕದ ವಾಲ್ವನ್ನೂ ಇಟ್ಟ. ನಮ್ಮ ಕುಕ್ಕರಿನ ತಲೆಯ ಮೇಲಿರುವ ವೆಯ್ಟು ಆ ವಂಶದ್ದೇ. ಹನ್ನೊಂದು ವರ್ಷದ ನಂತರ, 1690ರಲ್ಲಿ, ಅದೇ ಮನುಷ್ಯ ಒಂದು ಕೊಳವೆಯೊಳಗೆ ಪಿಸ್ಟನ್ ಇಟ್ಟು, ಆವಿ ಅದನ್ನು ಮೇಲೆತ್ತುವಂತೆಯೂ ಆವಿ ತಣಿದಾಗ ಅದು ಕೆಳಗಿಳಿಯುವಂತೆಯೂ ಮಾಡಿ ತೋರಿಸಿದ. ಅಡುಗೆಮನೆಯಿಂದ ಕಾರ್ಖಾನೆಗೆ ಹೋದ ದಾರಿ ಅಷ್ಟು ಹತ್ತಿರದ್ದು.

ಆದರೆ ಕೊಳವೆಗೂ ಪಿಸ್ಟನ್ನಿಗೂ ನಡುವಿನ ಸಂದು ಮುಚ್ಚುವುದು ಹೇಗೆ? ಮುಂದಿನ ನೂರೈವತ್ತು ವರ್ಷ ಎಂಜಿನಿಯರುಗಳು ತಲೆ ಕೆಡಿಸಿಕೊಂಡ ಪ್ರಶ್ನೆಗಳಲ್ಲಿ ಇದೂ ಒಂದು. ಇಂಗ್ಲೆಂಡಿನ ನ್ಯೂಕೊಮೆನ್ 1712ರಲ್ಲಿ ಚರ್ಮದ ಬಿಲ್ಲೆ ಇಟ್ಟು ಅದರ ಮೇಲೆ ನೀರು ನಿಲ್ಲಿಸಿದ. ಜೇಮ್ಸ್ ವಾಟ್ ಸೆಣಬಿನ ನಾರಿಗೆ ಕೊಬ್ಬು ಸವರಿ ಸುತ್ತಿದ. ವಾಟ್‌ನನ್ನು ಕಷ್ಟದಿಂದ ಪಾರು ಮಾಡಿದವನು ಜಾನ್ ವಿಲ್ಕಿನ್ಸನ್. ಫಿರಂಗಿಯ ನಳಿಕೆ ಕೊರೆಯಲು 1774ರಲ್ಲಿ ಅವನು ಕಂಡುಕೊಂಡ ವಿಧಾನ ಸಿಲಿಂಡರ್ ಕೊರೆಯುವುದಕ್ಕೂ ದಾರಿ ಮಾಡಿತು. ಐವತ್ತು ಅಂಗುಲ ಅಗಲದ ಸಿಲಿಂಡರಿನಲ್ಲಿ ಹಳೆಯ ಶಿಲ್ಲಿಂಗ್ ನಾಣ್ಯದ ದಪ್ಪದಷ್ಟೂ ತಪ್ಪಿಲ್ಲವೆಂದು ವಾಟ್‌ನ ಪಾಲುದಾರ ಬೌಲ್ಟನ್ 1776ರಲ್ಲಿ ಹಿಗ್ಗಿ ಬರೆದ. ಇಂದು ಯಾವ ಮೆಕ್ಯಾನಿಕ್ಕೂ ಆ ಸಂದನ್ನು ಒಪ್ಪಲಾರ!

ಕೊನೆಗೆ ಉತ್ತರ ಸಿಕ್ಕಿದ್ದು 1850ರ ದಶಕದ ಮೊದಲಲ್ಲಿ, ಜಾನ್ ರಾಮ್ಸ್‌ಬಾಟಮ್ ಎಂಬ ಇಂಗ್ಲಿಷ್ ರೈಲ್ವೆ ಎಂಜಿನಿಯರಿನಿಂದ. ಅವನು ಪಿಸ್ಟನ್ನಿನ ಸುತ್ತ ಕೊರೆದ ಗಾಡಿಗಳಲ್ಲಿ ಲೋಹದ ಬಳೆಗಳನ್ನು ಕೂರಿಸಿದ. ಪೂರ್ತಿ ಮುಚ್ಚಿದ ಬಳೆಯಲ್ಲ, ಒಂದು ಕಡೆ ಕತ್ತರಿಸಿದ ಬಳೆ. ಸಿಲಿಂಡರಿಗಿಂತ ತುಸು ದೊಡ್ಡದು. ಅದುಮಿ ಒಳಗಿಟ್ಟರೆ ತನ್ನದೇ ಬಿಗಿಯಿಂದ ಹೊರಕ್ಕೆ ಚಾಚಿಕೊಂಡು ಗೋಡೆಗೆ ಅಂಟಿಕೊಳ್ಳುತ್ತದೆ; ತಾನು ಸವೆದಂತೆಲ್ಲ ಇನ್ನಷ್ಟು ಚಾಚಿಕೊಳ್ಳುತ್ತದೆ. ಎಷ್ಟು ಸರಳ ನೋಡಿ! ಆ ಸೀಳೇ ಅದರ ಜಾಣತನ.

ಪೆಟ್ರೋಲ್ ಕಾರಿನ ಪಿಸ್ಟನ್ನಿಗೆ ಸಾಮಾನ್ಯವಾಗಿ ಮೂರು ರಿಂಗು. ಮೇಲಿನ ಎರಡು, ಎರಡು ಸಾವಿರ ಡಿಗ್ರಿ ದಾಟುವ ಉರಿಯ ಒತ್ತಡವನ್ನು ಕೆಳಗಿಳಿಯದಂತೆ ತಡೆಯುತ್ತವೆ. ಮೂರನೆಯದು ಗೋಡೆಯ ಮೇಲಿನ ಹೆಚ್ಚಿನ ಎಣ್ಣೆಯನ್ನು ಬಳಿದು ಕೆಳಗೆ ಕಳಿಸುತ್ತದೆ. ಪಿಸ್ಟನ್ನಿನ ಬಿಸಿಯಲ್ಲಿ ಬಹುಪಾಲು ಗೋಡೆಗೆ ದಾಟುವುದೂ ಇವುಗಳ ಮೂಲಕವೇ. ಮನೆಯ ಸೊಸೆಯ ಪಾಡು ಎಂದರೆ ಸರಿಯಾದೀತು: ಒತ್ತಡವೂ ಅವಳ ಮೇಲೆ, ಬಿಸಿಯೂ ಅವಳ ಮೂಲಕ, ಗುಡಿಸಿ ಬಳಿಯುವ ಕೆಲಸವೂ ಅವಳದೇ.

ಈ ವಿದ್ಯೆ ನಮ್ಮ ಬೆಂಗಳೂರಿಗೆ ಬಂದು ನೆಲೆಸಿದ ಕಥೆಯೂ ಸಣ್ಣದಲ್ಲ. 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಬಂತು. 1948ರಲ್ಲಿ ಐಟಿಐ, 1951ರಲ್ಲಿ ಮೈಕೋ, 1953ರಲ್ಲಿ ಜಾಲಹಳ್ಳಿಯ ಎಚ್‌ಎಂಟಿ, ಮರುವರ್ಷ ಬಿಇಎಲ್. ಈ ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಒದಗಿಸಲು ಸಣ್ಣ ಶೆಡ್ಡುಗಳು ಹುಟ್ಟಿಕೊಂಡವು. ತುಮಕೂರು ರಸ್ತೆಯ ಪೀಣ್ಯ 1970ರ ದಶಕದಲ್ಲಿ ಇಂಥ ಶೆಡ್ಡುಗಳ ಊರೇ ಆಯಿತು. ಪಿಸ್ಟನ್ನು, ರಿಂಗು ಮಾಡುವ ಗೋಟ್ಜೆ ಕಾರ್ಖಾನೆಯೂ ಯಲಹಂಕದಲ್ಲಿ ಎದ್ದಿತು. ಕೂದಲೆಳೆಯ ಅಳತೆ ಹಿಡಿಯಬಲ್ಲ ಕೈಗಳಿಗೆ ಈ ಊರಿನಲ್ಲಿ ಎಂದೂ ಬರವಿರಲಿಲ್ಲ.

ಬೆಂಗಳೂರಿಗೆ ತನ್ನದೇ ಆದ ಒಂದು ಕಾರೂ ಇತ್ತೆಂಬುದು ಈಗಿನ ಹುಡುಗರಿಗೆ ತಿಳಿಯದು. ಸಿಪಾನಿ ಆಟೋಮೊಬೈಲ್ಸ್ 1982ರಲ್ಲಿ ಹೊರತಂದ ಡಾಲ್ಫಿನ್ ಅದು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ನಮೂನೆ, ಎರಡೇ ಬಾಗಿಲು, ಫೈಬರ್ ಮೈ. 848 ಸಿಸಿಯ ಎಂಜಿನ್ನು ಅಲ್ಯೂಮಿನಿಯಂನದು; ಅದರೊಳಗೆ ಎರಕದ ಕಬ್ಬಿಣದ ಲೈನರುಗಳು. ಮೈ ಹಗುರವಾದ್ದರಿಂದ ಓಟ ಜೋರು. ಮದರಾಸಿನ ಬಳಿ ಷೋಲಾವರಂನ ರೇಸುಗಳಲ್ಲಿ, ರ‍್ಯಾಲಿಗಳಲ್ಲಿ ಅದು ಹೆಸರು ಮಾಡಿತು. ಆದರೆ 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಈ ಪುಟ್ಟ ಕಾರಿನ ಕಡೆ ತಿರುಗಿ ನೋಡುವವರು ಕಡಿಮೆಯಾದರು.

ನಮ್ಮ ಭಾವ ಅಂಥದೊಂದನ್ನು ಸೆಕೆಂಡ್‌ಹ್ಯಾಂಡಾಗಿ ಕೊಂಡಿದ್ದರು. ಅವರು ತೀರಿಕೊಂಡ ಮೇಲೆ ಅದು ದಾಸರಹಳ್ಳಿಯ ಮನೆಯ ಮುಂದೆ ಟಾರ್ಪಾಲಿನ ಕೆಳಗೆ ವರ್ಷಗಟ್ಟಲೆ ನಿಂತಿತ್ತು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸದಲ್ಲಿರುವ ಮಗ ಗುಜರಿಯವನನ್ನು ಕರೆತಂದ. ಅವನು ಬಗ್ಗಿ ನೋಡಿ, "ಮೈಯೆಲ್ಲ ಫೈಬರ್ರು, ತೂಕಕ್ಕೆ ಬರೋದಿಲ್ಲಮ್ಮ. ಎಂಜಿನ್ನಿನ ಅಲ್ಯೂಮಿನಿಯಂಗೆ ಬೇಕಾದರೆ ಕೊಡ್ತೀನಿ" ಎಂದ. ಅಕ್ಕ ಒಳಗೆ ಹೋಗಿ ಅವನಿಗೆ ಕಾಫಿ ತಂದುಕೊಟ್ಟು, "ಕೊಡೋದಿಲ್ಲಪ್ಪ" ಎಂದಳು. ಮಗನಿಗೆ ಕೋಪ ಬಂತು. ಸುಮ್ಮನೆ ನಿಂತಿರುವ ಕಾರಿಗೆ ಹಣ ಸುರಿಯುವುದೇ? ಅವನ ಮಾತೂ ತಪ್ಪಲ್ಲ. ಅಕ್ಕ ಒಂದೇ ಮಾತು ಹೇಳಿದಳು: "ಸವೆದಿರೋದು ಏನು ಅಂತ ಮೊದಲು ನೋಡೋಣ, ಆಮೇಲೆ ಬಿಸಾಕೋಣ."

ಪೀಣ್ಯದ ಎರಡನೇ ಹಂತದಲ್ಲಿ ಹಳೆಯ ಶೆಡ್ಡಿನ ಮೇಸ್ತ್ರಿಯೊಬ್ಬರು ಸಿಕ್ಕರು. ಅವರು ಮೊದಲು ಸಿಲಿಂಡರಿನ ಒತ್ತಡ ಅಳೆದರು. ಆಮೇಲೆ ಪ್ಲಗ್ಗಿನ ತೂತಿನಿಂದ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆದರು. ಎಣ್ಣೆ ಸಂದನ್ನು ತುಂಬಿ ಒತ್ತಡ ಏರಿದರೆ ದೋಷ ರಿಂಗಿನದು, ಏರದಿದ್ದರೆ ವಾಲ್ವಿನದು. ವೈದ್ಯರ ನಾಡಿಪರೀಕ್ಷೆಯಂತೆ! ಮುಳ್ಳು ಏರಿತು. ಪಿಸ್ಟನ್ ಹೊರತೆಗೆದು ಲೈನರಿನಲ್ಲಿ ಬೋರ್ ಗೇಜ್ ಇಳಿಸಿದರು. ಸವೆತ ಹೆಚ್ಚಾಗುವುದು ಮೇಲಿನ ತುದಿಯಲ್ಲಿ. ಅಲ್ಲಿ ಉರಿ ಹೆಚ್ಚು, ಎಣ್ಣೆ ಕಡಿಮೆ. ರಿಂಗು ಮುಟ್ಟದ ಜಾಗದಲ್ಲಿ ಒಂದು ಸಣ್ಣ ಏಣು ಉಳಿದಿರುತ್ತದೆ. ಅದನ್ನು ತೆಗೆಯದೆ ಹೊಸ ರಿಂಗು ಹಾಕಿದರೆ ಅದು ಏಣಿಗೆ ಬಡಿದು ಮುರಿದೀತು. ಅದೃಷ್ಟಕ್ಕೆ ಲೈನರು ಮೊಟ್ಟೆಯಾಕಾರಕ್ಕೆ ತಿರುಗಿರಲಿಲ್ಲ. ಏಣು ತೆಗೆದು ಹೋನಿಂಗ್ ಮಾಡಿದರೆ ಸಾಕೆಂದರು.

ಹೋನಿಂಗ್ ಎಂದರೆ ನುಣುಪಾದ ಗೋಡೆಯನ್ನು ಸಾಣೆಕಲ್ಲಿನಿಂದ ಅಡ್ಡಡ್ಡ ಗೀರುವುದು. ರುಬ್ಬುವ ಕಲ್ಲು ನುಣ್ಣಗಾದಾಗ ಕಲ್ಲು ಕುಟ್ಟುವವಳನ್ನು ಕರೆದು ಹೊಸದಾಗಿ ಕುಟ್ಟಿಸುತ್ತಿದ್ದೆವಲ್ಲ, ಹಾಗೆ. ಆ ಗೀರುಗಳಲ್ಲಿ ಎಣ್ಣೆ ನಿಲ್ಲುತ್ತದೆ, ಹೊಸ ರಿಂಗು ಗೋಡೆಗೆ ಹೊಂದಿಕೊಳ್ಳುತ್ತದೆ. ಆಮೇಲೆ ಲೈನರನ್ನು ಪೆಟ್ರೋಲಿನಿಂದಲ್ಲ, ಸೋಪು ಬಿಸಿನೀರಿನಿಂದ ತಿಕ್ಕಿ ತೊಳೆಯಬೇಕು. ಗೀರಿನೊಳಗಿನ ಕಲ್ಲಿನ ಪುಡಿ ಹೋಗುವುದು ಅದರಿಂದಲೇ. ಒರೆಸಿದ ಬಿಳಿ ಬಟ್ಟೆ ಬಿಳಿಯಾಗೇ ಉಳಿಯುವ ತನಕ ತೊಳೆದು, ತುಕ್ಕು ಹಿಡಿಯುವ ಮೊದಲೇ ಎಣ್ಣೆ ಸವರಬೇಕು. ಆ ತೊಳೆಯುವ ಕೆಲಸ ನನ್ನ ಪಾಲಿಗೆ ಬಂತು.

ಜೆ.ಸಿ. ರಸ್ತೆಯಲ್ಲಿ ಅಲೆದು ಅಳತೆಗೆ ಹೊಂದುವ ರಿಂಗು ತಂದದ್ದಾಯಿತು. ಹೊಸ ರಿಂಗನ್ನು ನೇರ ಪಿಸ್ಟನ್ನಿಗೆ ತೊಡಿಸುವುದಿಲ್ಲ. ಮೊದಲು ಲೈನರಿನೊಳಗೆ ಬರಿಯ ರಿಂಗನ್ನಿಟ್ಟು, ಪಿಸ್ಟನ್ನಿನ ತಲೆಯಿಂದ ನೇರವಾಗಿ ಒಳಕ್ಕೆ ತಳ್ಳಿ, ಅದರ ಬಾಯಿ ಎಷ್ಟು ತೆರೆದಿದೆಯೆಂದು ಫೀಲರ್ ಗೇಜಿನ ತೆಳು ಪಟ್ಟಿಯಿಂದ ನೋಡಬೇಕು. ಆ ಎಂಜಿನ್ನಿನ ಬೋರು 62.5 ಮಿಲಿಮೀಟರು, ಅದಕ್ಕೆ ಮಿಲಿಮೀಟರಿನ ಕಾಲು ಭಾಗದಷ್ಟು ಬಾಯಿ ಸಾಕು. ಬಾಯಿ ಹೆಚ್ಚಾದರೆ ಒತ್ತಡ ಸೋರುತ್ತದೆ. ಬಾಯೇ ಇಲ್ಲದಿದ್ದರೆ ಇನ್ನೂ ಅಪಾಯ: ಕಾವಿಗೆ ರಿಂಗು ಹಿಗ್ಗಿ, ತುದಿಗೆ ತುದಿ ಒತ್ತಿ, ಗೋಡೆಯನ್ನೇ ಸೀಳುತ್ತದೆ.

ಮೇಸ್ತ್ರಿಯ ಕಣ್ಣಿಗೆ ಪೊರೆ ಬಂದಿತ್ತು. "ನಾನು ನೋಡಲೇ?" ಎಂದಳು ಅಕ್ಕ. ಜಾಲಹಳ್ಳಿಯ ಎಚ್‌ಎಂಟಿ ಗಡಿಯಾರದ ಕಾರ್ಖಾನೆಯಲ್ಲಿ ಕಣ್ಣಿಗೆ ಭೂತಗನ್ನಡಿ ಕಟ್ಟಿಕೊಂಡು ವರ್ಷಗಟ್ಟಲೆ ಜೋಡಣೆ ಮಾಡಿದವಳು ಅವಳು. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಶುರುವಾದ ಆ ಕಾರ್ಖಾನೆಯಲ್ಲಿ ಹೆಣ್ಣುಮಕ್ಕಳ ಸಾಲೇ ಇತ್ತು. ಎಚ್‌ಎಂಟಿ ವಾಚಸ್ ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿತು. ಕಾರ್ಖಾನೆ ಹೋಯಿತು, ಕೈ ಎಲ್ಲಿ ಹೋಗುತ್ತದೆ? ಎರಡು ರಿಂಗುಗಳ ಬಾಯಿ ಬಿಗಿಯಾಗಿತ್ತು. ಸಣ್ಣ ಅರದಿಂದ, ಹೊರ ಅಂಚಿನಿಂದ ಒಳಕ್ಕೆ ಒಂದೇ ದಿಕ್ಕಿಗೆ ನಾಲ್ಕು ಸಲ ಎಳೆಯುವುದು, ಮತ್ತೆ ಇಟ್ಟು ನೋಡುವುದು, ಮತ್ತೆ ಎರಡು ಸಲ. ಅವಳು ಆತುರಪಡಲಿಲ್ಲ. ಮೇಸ್ತ್ರಿ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕುಳಿತು, "ನಿಮ್ಮಂಥವರು ನಮ್ಮ ಶೆಡ್ಡಿಗೆ ಮೂವತ್ತು ವರ್ಷ ಮುಂಚೆ ಬರಬೇಕಿತ್ತು ತಾಯಿ" ಎಂದರು. ಮಗನೂ ಮೊಬೈಲು ಬದಿಗಿಟ್ಟು ನೋಡುತ್ತಿದ್ದ. "ಅಮ್ಮಾ, ನನಗೊಂದು ಕೊಡು" ಎಂದು ಕೊನೆಯ ರಿಂಗನ್ನು ಅವನೇ ಅಳೆದ.

ಮೂರು ರಿಂಗುಗಳ ಬಾಯಿ ಒಂದೇ ಸಾಲಿಗೆ ಬರದಂತೆ ಸುತ್ತ ಹಂಚಿ ಕೂರಿಸಿದರು. ಮೂರೂ ಒಂದೇ ಕಡೆ ತೆರೆದುಕೊಂಡರೆ ಸೋರಿಕೆಗೆ ರಾಜಮಾರ್ಗ ಬಿಟ್ಟುಕೊಟ್ಟಂತೆ. ಎಂಜಿನ್ನು ಶುರುವಾದಾಗ ಮೊದಮೊದಲು ಹೊಗೆ ಬಂತು, ಆಮೇಲೆ ತಿಳಿಯಾಯಿತು.

ಹೊಸ ಎಂಜಿನ್ನುಗಳ ಸಿಲಿಂಡರಿಗೆ ಈಗ ಗಟ್ಟಿ ಲೇಪನ ಬಂದಿದೆ. ಕೆಟ್ಟರೆ ಎಷ್ಟೋ ಕಡೆ ಇಡೀ ಬ್ಲಾಕನ್ನೇ ಬದಲಿಸುತ್ತಾರೆ. ವಿದ್ಯುತ್ ಕಾರಿನಲ್ಲಂತೂ ಪಿಸ್ಟನ್ನೇ ಇಲ್ಲ. ಬೋರಿಂಗ್, ಹೋನಿಂಗ್ ಎಂದು ಬರೆದ ಬೋರ್ಡುಗಳಿಗೆ ಇನ್ನೆಷ್ಟು ಆಯಸ್ಸಿದೆಯೋ. ಹೊಸದು ಬರಲಿ, ಬೇಡವೆನ್ನುವುದಿಲ್ಲ. ಆದರೆ ಒಂದು ವಸ್ತು ಕೆಟ್ಟಿತೆಂದರೆ ಅದರಲ್ಲಿ ಸವೆದದ್ದು ಯಾವುದು, ಉಳಿದದ್ದು ಯಾವುದು ಎಂದು ಬಿಡಿಸಿ ನೋಡುವ ವಿವೇಕ ಎಂಜಿನ್ನಿನೊಡನೆ ಹೋಗಬೇಕಾದದ್ದಲ್ಲ.

ರಿಂಗು ಬದಲಿಸಿದ ಕಾರನ್ನು ಮೊದಲ ಸಾವಿರ ಕಿಲೋಮೀಟರು ಹದವಾಗಿ ಓಡಿಸಬೇಕು. ನಿಂತಲ್ಲೇ ಬಹಳ ಹೊತ್ತು ಉರಿಸಬಾರದು, ಜೋರಾಗಿ ಅಟ್ಟಲೂಬಾರದು. ಹಿಂದೆಲ್ಲ ಹೊಸ ಕಾರುಗಳ ಹಿಂಬದಿ ಗಾಜಿಗೆ 'ರನ್ನಿಂಗ್ ಇನ್' ಎಂಬ ಚೀಟಿ ಅಂಟಿಸಿರುತ್ತಿದ್ದರು. ಅದನ್ನು ಕಂಡವರು ಹಾರನ್ ಮಾಡದೆ ಪಕ್ಕಕ್ಕೆ ಸರಿದು ಹೋಗುತ್ತಿದ್ದರು. ಅಕ್ಕನ ಮಗ ಈಗ ಭಾನುವಾರ ಬೆಳಿಗ್ಗೆ ತುಮಕೂರು ರಸ್ತೆಯಲ್ಲಿ ಆ ಲೆಕ್ಕ ತುಂಬಿಸುತ್ತಿದ್ದಾನೆ. ಇನ್ನೂ ನಾನೂರು ಕಿಲೋಮೀಟರು ಬಾಕಿ ಇದೆಯಂತೆ.